ಕಳ್ಳರ ತಾಳಕ್ಕೆ ನೆಯ್ದ ಮುಹೂರ್ತದ ಸೀರೆ

ಮೊದಲು ಒಂದು ಬುದ್ಧಿಮಾತು. ಸಿನಿಮಾದವರು ನಿಮ್ಮ ಬಾಗಿಲಿಗೆ ಬಂದು "ಜಾಗ ಬಹಳ ಚೆನ್ನಾಗಿದೆ ಸಾರ್" ಎಂದರೆ ಒಳಗೆ ಕರೆಯಿರಿ, ಮಜ್ಜಿಗೆ ಕೊಡಿ, ಲೋಟ ವಾಪಸು ತೆಗೆದುಕೊಳ್ಳಿ, ಬಾಗಿಲು ಹಾಕಿಕೊಳ್ಳಿ. ಇದಕ್ಕಿಂತ ಹೆಚ್ಚಿನ ಬುದ್ಧಿ ನನ್ನ ಹತ್ತಿರ ಇಲ್ಲ. ಇಷ್ಟನ್ನು ಸಂಪಾದಿಸುವಷ್ಟರಲ್ಲಿಯೇ ಇದ್ದ ಮಾನದಲ್ಲಿ ಮುಕ್ಕಾಲು ಪಾಲು ಹೋಗಿತ್ತು.

ನಾನು ಸಿರುಮುಗೈಯವನು. ಭವಾನಿ ಹೊಳೆಯ ದಡ, ರೇಷ್ಮೆ ಸೀರೆಯ ಊರು. ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಯಾವಾಗ ಇಳಿದು ಬಂದರೋ, ಹೇಳುವವರು ಯಾರೂ ಉಳಿದಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು. ನಾನೊಬ್ಬ ಕಲಿತೆ, ಅದೂ ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ಕೊಳ್ಳೇಗಾಲದ ನೂಲಿನ ವ್ಯಾಪಾರಿ ಚೀಟಿಯಲ್ಲಿ ಏನು ಗೀಚಿ ಕೊಡುತ್ತಾನೆ ಎಂಬ ಸಂಶಯದಿಂದ!

ಎಂಟನೆಯ ವಯಸ್ಸಿನಲ್ಲಿ ಪರರ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದವನು ನಲವತ್ತಕ್ಕೆ ಆರು ಮಗ್ಗಗಳ ಯಜಮಾನನಾದೆ. ಹೇಗೆ? ಚೌಕಾಸಿಯಿಂದ. ನಾನು ಕೊಯಮತ್ತೂರಿನಲ್ಲಿ ಬಸ್ಸಿಳಿಯುವುದನ್ನು ಕಂಡರೆ ಕೆಲವು ಅಂಗಡಿಯವರು ಊಟಕ್ಕೆಂದು ಎದ್ದುಬಿಡುತ್ತಿದ್ದರು, ಬೆಳಿಗ್ಗೆ ಹತ್ತು ಗಂಟೆಗೇ. ಒಮ್ಮೆ ಜ್ವರ ಬಂದಾಗ ಡಾಕ್ಟರು ಮೂರು ಇಂಜೆಕ್ಷನ್ ಎಂದರು. ನಾನು ಎರಡಕ್ಕೆ ಇಳಿಸಿದೆ. ಜ್ವರವೂ ಇಳಿಯಿತು. ಇಂಥ ಮನುಷ್ಯನಿಗೆ ಮೋಸವಾಗುವುದಿಲ್ಲ ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ಆ ವರ್ಷ ನನ್ನ ಅಕ್ಕನ ಮಗಳು ಸುಮತಿಗೆ ಮದುವೆ ಗೊತ್ತಾಗಿತ್ತು. ಅಕ್ಕನ ಮನೆ ಧಾರಾಪುರಂನಲ್ಲಿ. ಗಂಡಿನ ಕಡೆಯವರು ಅನ್ನೂರಿನವರು, ಅವರೂ ನೇಯ್ಗೆಯವರೇ. ನಮ್ಮ ಕುಲದಲ್ಲಿ ಒಂದು ಪದ್ಧತಿಯಿದೆ. ಮದುಮಗಳ ಮುಹೂರ್ತದ ಸೀರೆ ಸೋದರಮಾವನದು. ಅಂಗಡಿಯಲ್ಲಿ ಕೊಂಡದ್ದು ಆಗದು. ಮಾವನ ಮಗ್ಗದಲ್ಲೇ ನೆಯ್ದಿರಬೇಕು. ಗಂಡಿನ ಕಡೆಯ ಹೆಂಗಸರು ತಾಳಿಗೆ ಮುಂಚೆ ಆ ಸೀರೆ ಬಿಡಿಸಿ, ಅಂಚು ತಿರುವಿ, ಮೂಸಿ, ಇದು ಮಾವನ ಮಗ್ಗದ್ದೋ ಅಂಗಡಿಯದ್ದೋ ಎಂದು ತೀರ್ಪು ಕೊಡುತ್ತಾರೆ. ಹೈಕೋರ್ಟಿನ ತೀರ್ಪಿಗಾದರೂ ಅಪೀಲು ಉಂಟು.

ಅಕ್ಕನ ಮದುವೆಯಲ್ಲಿ ನಮ್ಮ ಮಾವ ಅಂಗಡಿ ಸೀರೆ ತಂದು ಸಿಕ್ಕಿಬಿದ್ದಿದ್ದ. ಪಾಪ, ಅವನಿಗೆ ಸ್ವಂತ ಮಗ್ಗವೇ ಇರಲಿಲ್ಲ. ಆದರೆ ಅಕ್ಕನಿಗೆ ಅತ್ತೆಮನೆಯಲ್ಲಿ 'ಅಂಗಡಿ ಸೀರೆಯವಳು' ಎಂಬ ಹೆಸರು ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷ! ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು.

ಲಗ್ನಪತ್ರಿಕೆ ಹಿಡಿದು ಬಂದ ಅಕ್ಕ ನನ್ನ ಕೈ ಹಿಡಿದುಕೊಂಡಳು. "ತಂಬಿ, ನನ್ಗೆ ಆದದ್ದು ನನ್ ಮಗಳಿಗೆ ಆಗ್ಬಾರ್ದು. ನಿನ್ ತರೀದೇ ಸೀರೆ ಅಂತ ನೋಡಿದ ಕೂಡ್ಲೇ ಅವರಿಗೆ ಗೊತ್ತಾಗ್ಬೇಕು."

ನಮ್ಮ ಮನೆಮಾತಿನಲ್ಲಿ ತರಿ ಎಂದರೆ ಮಗ್ಗ. "ನೋಡಿದ ಕೂಡ್ಲೇ ಗೊತ್ತಾಗುತ್ತೆ ಅಕ್ಕಾ! ಒಂದು ಮೈಲಿ ದೂರದಿಂದ ಗೊತ್ತಾಗುತ್ತೆ!" ಎಂದೆ.

ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ. ಹೇಗೆ ಎಂಬುದೇ ಈ ಕಥೆ.

ಸೀರೆ ಕುಂಕುಮ ಬಣ್ಣದ್ದು, ಹಸಿರು ಅಂಚು, ಮೈತುಂಬ ಜರಿಯ ನವಿಲುಗಳು. ನೇಯಲು ಕೂತವನು ಮಾರಣ್ಣ, ನನ್ನಲ್ಲಿ ಎಲ್ಲರಿಗಿಂತ ಹಿರಿಯ ನೇಕಾರ. ಅರವತ್ತು ದಾಟಿದವನು, ವಾರಕ್ಕೆ ಎರಡು ಮಾತು ಆಡಿದರೆ ಹೆಚ್ಚು. ಅವನ ಕೈಯ ನವಿಲು ಈಗ ಕೂಗೀತು ಎನ್ನಿಸುತ್ತಿತ್ತು. ಸೀರೆ ಮೂರರಲ್ಲಿ ಒಂದು ಪಾಲು ಮುಗಿದಿತ್ತು. ಆಗ ಮದ್ರಾಸಿನ ಕಾರು ಬಂತು.

ಕಾರಿನಿಂದ ಇಳಿದವನು ಪ್ರೊಡಕ್ಷನ್ ಮ್ಯಾನೇಜರ್. ಬಿಳಿ ಪ್ಯಾಂಟು, ಕಂಕುಳಲ್ಲಿ ಚರ್ಮದ ಚೀಲ. ಅವನ ಮಾತೆಲ್ಲ ತಮಿಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಗ್ಗದ ಮನೆಯನ್ನು ಸುತ್ತಿ ನೋಡಿ, ಕಣ್ಣಿನ ಮುಂದೆ ಬೆರಳಿನಿಂದ ಚೌಕ ಕಟ್ಟಿಕೊಂಡು, "ಜಾಗ ಬಹಳ ಚೆನ್ನಾಗಿದೆ ಸಾರ್" ಎಂದ. ಆ ಬೆರಳಿನ ಚೌಕದೊಳಗೆ ನಾನೂ ಇದ್ದೆ. ಅಲ್ಲೇ ನಾನು ಕೆಟ್ಟೆ.

ಕಥೆ ಹೇಳಿದ. ಐದು ಜನ ಕಳ್ಳರು. ಅವರ ನಾಯಕ ಹಳೆಯ ಸಂಗೀತ ಮೇಷ್ಟರು. ಒಬ್ಬ ಶ್ರೀಮಂತನ ಮನೆಯ ಕಬ್ಬಿಣದ ತಿಜೋರಿಯನ್ನು ಅವರು ಒಡೆಯಬೇಕು. ಪಕ್ಕದಲ್ಲೇ ಮಗ್ಗದ ಮನೆ. ಮಗ್ಗದ ಪ್ರತಿ ಏಟಿಗೆ ಸರಿಯಾಗಿ ಇವರ ಸುತ್ತಿಗೆಯೂ ಬೀಳುತ್ತದೆ, ಹೀಗಾಗಿ ಹೊರಗೆ ಯಾರಿಗೂ ಕೇಳಿಸುವುದಿಲ್ಲ. ತಾಳ ತಪ್ಪಿದರೆ ಜೈಲು. ಕಳ್ಳತನವೆಲ್ಲ ಒಂದೇ ಹಾಡಿನೊಳಗೆ ನಡೆದುಹೋಗುತ್ತದೆ.

ನಾನು ವ್ಯವಹಾರಸ್ಥ. ಕೇಳದೆ ಇರಲಾಗಲಿಲ್ಲ. "ಕದಿಯೋದಕ್ಕೆ ಹಾಡು ಯಾಕೆ ಸಾರ್? ಮಧ್ಯಾಹ್ನ ಊಟ ಆದಮೇಲೆ ಬಂದರೆ ಸಾಕು. ನಮ್ಮ ಬೀದಿಯಲ್ಲಿ ತಿಜೋರಿನ ಎತ್ತಿನ ಗಾಡೀಲಿ ಹಾಕ್ಕೊಂಡು ಹೋದ್ರೂ ಯಾರೂ ಏಳಲ್ಲ."

"ಅದು ಸಿನಿಮಾ ಅಣ್ಣಾ," ಎಂದ.

ಬಾಡಿಗೆಯ ಮಾತು ಬಂತು. ನಾನು ಕೈ ಎತ್ತಿ ತಡೆದೆ. ಬಾಡಿಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ವ್ಯಾಪಾರಿ ಹೆಸರು ಕೇಳುತ್ತಾನೆ. ನನ್ನ ಬೇಡಿಕೆಗಳನ್ನು ಮಂಡಿಸಿದೆ: ಸಿನಿಮಾದ ಶುರುವಿನಲ್ಲಿ ತೆರೆಯ ಮೇಲೆ ನನ್ನ ಹೆಸರು ಬರಬೇಕು. ಮಾರಣ್ಣನ ಮಗ್ಗದ ನವಿಲು ಸೀರೆ ಎಲ್ಲಕ್ಕಿಂತ ಮುಂದೆ ಕಾಣಬೇಕು. ಹೀರೋಯಿನ್ ಅದನ್ನು ಮುಟ್ಟಿ "ಆಹಾ, ಸಿರುಮುಗೈ ರೇಷ್ಮೆ!" ಎನ್ನಬೇಕು.

"ಆಗಲಿ ಅಣ್ಣಾ," ಎಂದ. ಮೂರಕ್ಕೂ! ಉಸಿರೂ ತೆಗೆದುಕೊಳ್ಳಲಿಲ್ಲ.

ಎರಡನೆಯ ಬುದ್ಧಿಮಾತು: ಕೇಳಿದ ಕೂಡಲೇ ಒಪ್ಪಿಕೊಳ್ಳುವವನ ಜೊತೆ ವ್ಯಾಪಾರ ಮಾಡಬೇಡಿ. ಮೂವತ್ತು ವರ್ಷ ಇದನ್ನು ಊರಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಆ ದಿನ ಆ ಬುದ್ಧಿವಂತ ಮನೆಯಲ್ಲಿರಲಿಲ್ಲವೇನೋ.

ಕಾರು ಹತ್ತುವ ಮುಂಚೆ ಮ್ಯಾನೇಜರ್ ಕೇಳಿದ, "ಆರು ಮಗ್ಗವೂ ಹಾಡಿನ ತಾಳಕ್ಕೆ ಒಟ್ಟಿಗೆ ನಡೀಬೇಕು. ಆಗುತ್ತಾ?"

"ನಮ್ಮ ಮಗ್ಗಗಳು ಹುಟ್ಟಿದ್ದೇ ತಾಳದಲ್ಲಿ ಸಾರ್!"

ಇದು ಶುದ್ಧ ಸುಳ್ಳು. ಒಬ್ಬ ನೇಕಾರ ಹೆಂಡತಿಯ ಮೇಲಿನ ಸಿಟ್ಟನ್ನು ಮಗ್ಗದ ಮೇಲೆ ತೀರಿಸುತ್ತಾನೆ. ಇನ್ನೊಬ್ಬ ಎಳೆಎಳೆಗೂ ಚೌಡೇಶ್ವರಿಯನ್ನು ನೆನೆಯುತ್ತಾನೆ. ಮತ್ತೊಬ್ಬ ಬೀದಿಯಲ್ಲಿ ಬಸ್ಸು ಹೋದರೆ ಲಾಳಿ ಕೈಯಲ್ಲಿ ಹಿಡಿದು ಅದು ಮರೆಯಾಗುವವರೆಗೂ ನೋಡುತ್ತಾನೆ. ಆರೂ ಒಟ್ಟಿಗೆ ನಡೆದಾಗ ಕೇಳುವುದು ಸಂಗೀತವಲ್ಲ. ಪಾತ್ರೆ ಅಂಗಡಿಗೆ ಬೆಕ್ಕು ನುಗ್ಗಿದ ಸದ್ದು.

ಶೂಟಿಂಗಿಗೆ ಎಂಟು ದಿನವಿತ್ತು. ಮ್ಯಾನೇಜರ್ ಒಂದು ಟೇಪ್‌ರೆಕಾರ್ಡರ್, ಅದರಲ್ಲಿ ಆ ಕಳ್ಳರ ಹಾಡಿನ ಕ್ಯಾಸೆಟ್ ಬಿಟ್ಟುಹೋಗಿದ್ದ. ಹಾಡು ಹೀಗಿತ್ತು: ಮೊದಲು ಕಳ್ಳರು ಮೆಲ್ಲಗೆ ಗೋಡೆ ದಾಟುವ ಭಾಗ, ಢಂ... ಢಂ... ಎಂದು ಆನೆಯ ನಡೆ. ಆಮೇಲೆ ಬೀಗ ಕೊರೆಯುವ ಭಾಗ, ಟಕ್‌ಟಕ್ ಟಕ್‌ಟಕ್. ಆಮೇಲೆ ತಿಜೋರಿ ತೆರೆಯುವ ಗಳಿಗೆ; ನಾಲ್ಕು ಎಣಿಸುವಷ್ಟು ಹೊತ್ತು ಪೂರ್ತಿ ಮೌನ. ಕೊನೆಗೆ ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ. ಅಲ್ಲಿ ತಾಳವೇ ಎದ್ದು ಓಡಿಹೋಗುತ್ತದೆ.

ತಾಲೀಮು ಶುರುವಾಯಿತು. ಟೇಪ್‌ರೆಕಾರ್ಡರನ್ನು ದೇವರ ಗೂಡಿನ ಕೆಳಗಿಟ್ಟು, ಕೈಯಲ್ಲಿ ಒಂದು ಬಿದಿರ ಕೋಲು ಹಿಡಿದು, ಮಗ್ಗಗಳ ನಡುವೆ ನಾನು ನಿಂತೆ. ಮೊದಲ ದಿನ ಕಳ್ಳರು ಗೋಡೆ ದಾಟುವಾಗ ನಮ್ಮ ಎರಡನೆಯ ಮಗ್ಗದವನು ಆಗಲೇ ತಿಜೋರಿ ಒಡೆದಾಗಿತ್ತು.

ನನ್ನ ಹೆಂಡತಿ ಪಾರ್ವತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಐದು ನಿಮಿಷ ನೋಡಿದಳು.

"ಇಲ್ ಕೇಳಿ. ಆ ಮುಹೂರ್ತದ ತರಿ ಒಂದನ್ನ ಬಿಟ್ಬಿಡಿ. ಮಿಕ್ಕ ಐದು ಬೇಕಾದ್ರೆ ಕುಣೀಲಿ."

"ಅದೇ ಮುಂದಿನ ತರಿ ಕಣೇ! ಕ್ಯಾಮೆರಾ ನೋಡೋದೇ ಅದನ್ನ!"

"ಸುಮತೀನ ನೋಡೋರು ಅನ್ನೂರಿನವ್ರು. ಕ್ಯಾಮೆರಾ ಅಲ್ಲ."

"ನಿನ್ಗೆ ಸಿನಿಮಾ ಗೊತ್ತಿಲ್ಲ."

"ನಿಮ್ಗೆ ಗೊತ್ತಾ?"

ಉತ್ತರ ಕೊಡುವ ಬದಲು ಟೇಪಿನ ಸದ್ದು ಜಾಸ್ತಿ ಮಾಡಿದೆ. ವಾದದಲ್ಲಿ ಇದೂ ಒಂದು ವಿಧಾನ.

ಮೂರನೆಯ ದಿನ ಮಾರಣ್ಣ ತನ್ನ ವಾರದ ಎರಡು ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿದ. "ಮೊದಲಾಳಿ, ಕೈ ಒಂದು ಹೇಳ್ತದೆ, ಹಾಡು ಒಂದು ಹೇಳ್ತದೆ."

"ಕೈ ಹೇಳಿದ್ದು ಕೇಳ್ಬೇಡ. ಹಾಡು ಹೇಳಿದ್ದು ಕೇಳು," ಎಂದು ಮೊದಲಾಳಿಯ, ಅಂದರೆ ಯಜಮಾನನ, ಗತ್ತಿನಲ್ಲಿ ಅಪ್ಪಣೆ ಮಾಡಿದೆ.

"ಸೆರಿ," ಎಂದ. ಅಲ್ಲಿಗೆ ಅವನ ವಾರ ಮುಗಿಯಿತು.

ಇಲ್ಲಿ ನೇಯ್ಗೆ ಅರಿಯದವರಿಗೆ ಒಂದು ಮಾತು ಹೇಳಬೇಕು. ಲಾಳಿ ಒಂದು ಸಲ ಓಡಿದ ಮೇಲೆ ನೇಕಾರ ಹಲಗೆ ಎಳೆದು ಆ ಎಳೆಯನ್ನು ಬಡಿದು ಕೂರಿಸುತ್ತಾನೆ. ಗಟ್ಟಿಯಾಗಿ ಬಡಿದರೆ ಎಳೆಗಳು ಒತ್ತೊತ್ತಾಗಿ ಕೂತು ನವಿಲು ಕುಳ್ಳಾಗುತ್ತದೆ. ಅವಸರದಲ್ಲಿ ಮೇಲೆಮೇಲೆ ತಟ್ಟಿದರೆ ಎಳೆಗಳು ದೂರದೂರವಾಗಿ ನವಿಲು ಉದ್ದವಾಗುತ್ತದೆ. ಒಬ್ಬನೇ ಮನುಷ್ಯ, ಒಂದೇ ಕೈ, ಒಂದೇ ಏಟು: ನೇಯ್ಗೆಯ ಗುಟ್ಟು ಇಷ್ಟೇ. ಇದು ನನಗೆ ಎಂಟನೆಯ ವಯಸ್ಸಿನಿಂದ ಗೊತ್ತು. ಮತ್ತೆ ಯಾಕೆ ಕಾಣಲಿಲ್ಲ? ಜರಿಯ ಕೆಲಸ ನೇಯುವಾಗ ಸೀರೆಯ ಒಳಮೈ ಮೇಲಕ್ಕಿರುತ್ತದೆ. ಅಂದದ ಮುಖ ಕೆಳಗೆ. ನೆಯ್ದದ್ದು ಗೇಣು ಗೇಣಾಗಿ ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಬೀಳುವುದು ಒಂದು ಗೇಣು, ಅದೂ ಬೆನ್ನು. ಇದು ನನ್ನ ಪರವಾದ ವಾದ. ನಿಜ ಹೇಳಬೇಕೆಂದರೆ ಆ ಒಂದು ಗೇಣನ್ನೂ ನಾನು ನೋಡಲಿಲ್ಲ. ಎಂಟು ದಿನವೂ ನಾನು ನೋಡಿದ್ದು ಟೇಪ್‌ರೆಕಾರ್ಡರನ್ನು.

ಏಳನೆಯ ದಿನಕ್ಕೆ ಪವಾಡ ನಡೆಯಿತು. ಆರು ಮಗ್ಗಗಳೂ ಒಂದೇ ಏಟಿಗೆ ಬಿದ್ದವು, ಒಂದೇ ಏಟಿಗೆ ನಿಂತವು. ತಿಜೋರಿ ತೆರೆಯುವ ಗಳಿಗೆಯಲ್ಲಿ ಎಂಥ ಮೌನವೆಂದರೆ ಹೊಳೆಯ ಸದ್ದು ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ತೆರೆಯ ಮೇಲೆ ನನ್ನ ಹೆಸರು ಯಾವ ಬಣ್ಣದಲ್ಲಿರಬೇಕೆಂದು ಯೋಚಿಸತೊಡಗಿದೆ.

ಶೂಟಿಂಗಿನ ದಿನ ಮೂರು ಲಾರಿ, ಎರಡು ಕಾರು, ಊರಿಗೆ ಊರೇ ಬಂತು. ತಾರಾಗಣವನ್ನು ಕಣ್ಣಾರೆ ನೋಡಿದೆ. ಹೀರೋ ತೆರೆಯ ಮೇಲೆ ಎರಡಾಳೆತ್ತರದ ಗೋಡೆ ಹಾರುವವನು. ನಮ್ಮ ಮಗ್ಗದ ಗುಂಡಿಯಲ್ಲಿ ಸುಮ್ಮನೆ ಕಾಲಿಳಿಸಿ ಕೂತು ನೋಡಿದ. ಮೇಲೆತ್ತಲು ಇಬ್ಬರು ಆಳು, ಒಂದು ಸ್ಟೂಲು ಬೇಕಾಯಿತು. ಹೀರೋಯಿನ್ ಛತ್ರಿಯ ಕೆಳಗೆ ಕೂತಿದ್ದಳು. ನಾನು ಮಾರಣ್ಣನ ಮಗ್ಗ ತೋರಿಸಿ, "ಅಮ್ಮಾ, ಸಿರುಮುಗೈ ರೇಷ್ಮೆ," ಎಂದು ಅವಳ ಮಾತನ್ನು ನೆನಪಿಸಿದೆ.

ಅವಳು ಮುಟ್ಟಿ ನೋಡಿದಳು. "ನೈಲೆಕ್ಸ್ ಬಟ್ಟೇಲಿ ಸಿಗುತ್ತಾ? ಒಗೆಯೋಕೆ ಸುಲಭ," ಎಂದಳು.

ವಿಲನ್ ಮಾತ್ರ ಬೇರೆ ಥರ. ಪೊದೆ ಮೀಸೆ, ಕೆಂಪು ಕಣ್ಣು. ಅವನನ್ನು ಕಂಡು ಬೀದಿಯ ಮಕ್ಕಳೆಲ್ಲ ಓಡಿದ್ದವು. ಅವನು ಹೋಗಿ ಮಾರಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ನಮ್ಮಪ್ಪನೂ ನೆಯ್ತಿದ್ದರು," ಎಂದ. ಆಮೇಲೆ ಮೇಕಪ್ಪಿನ ಕನ್ನಡಿ ತೆಗೆದು, ಸೀರೆಯ ಕೆಳಗೆ ಹಿಡಿದು, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಅಣ್ಣಾ, ಈ ನವಿಲುಗಳಿಗೆ ಏನಾದ್ರೂ ಕಾಯಿಲೆಯಾ?"

ನನಗೆ ಸಿಟ್ಟು ಬಂತು. ತೆರೆಯ ಮೇಲೆ ಇಪ್ಪತ್ತು ಸಂಸಾರ ಹಾಳು ಮಾಡಿದವನ ಮಾತು ಯಾರು ನಂಬುತ್ತಾರೆ? "ಹೊಸ ಡಿಸೈನು," ಎಂದು ಚುಟುಕಾಗಿ ಹೇಳಿ ಬಂದುಬಿಟ್ಟೆ. ಆ ದಿನ ನಮ್ಮ ಮನೆಗೆ ಬಂದ ಎಂಬತ್ತು ಜನರಲ್ಲಿ ಪ್ರಾಮಾಣಿಕನಾದವನು ಅವನೊಬ್ಬನೇ.

ಡೈರೆಕ್ಟರ್ ಬಂದ. ದೀಪ ಹತ್ತಿದವು. ನಾನು ಕೋಲು ಎತ್ತಿದೆ. ಆರು ಮಗ್ಗ ಒಟ್ಟಿಗೆ ಢಂ ಎಂದವು.

"ಏಯ್! ಯಾರದು ಸದ್ದು? ನಿಲ್ಲಿಸಿ!" ಡೈರೆಕ್ಟರ್ ಕಿರುಚಿದ.

"ಸಾರ್, ತಾಳ... ಎಂಟು ದಿನದ ತಾಲೀಮು..."

"ಸದ್ದೆಲ್ಲ ಮದ್ರಾಸಲ್ಲಿ ಹಾಕ್ಕೋತೀವಿ. ಇಲ್ಲಿ ಸುಮ್ಮನೆ ಕೈ ಆಡಿಸಲಿ. ಸೈಲೆನ್ಸ್!"

ನಾನು ಮ್ಯಾನೇಜರನ್ನು ನೋಡಿದೆ. ಅವನು ಆಕಾಶ ನೋಡಿದ.

ಆಮೇಲೆ ಕ್ಯಾಮೆರಾದವನಿಗೆ ಮುಂದಿನ ಮಗ್ಗ ಅಡ್ಡ ಬಂತು. ಎತ್ತಿಡಿ ಎಂದರು. ಗುಂಡಿ ತೋಡಿ ನೆಲಕ್ಕೆ ನೆಟ್ಟ ಮಗ್ಗ ಅದು, ನಮ್ಮಪ್ಪ ಬಂದರೂ ಏಳುವುದಿಲ್ಲ ಎಂದೆ. ಕ್ಯಾಮೆರಾವನ್ನೇ ಎತ್ತಿಟ್ಟರು. ಆಗಲೂ ಮೂಲೆಯಿಂದ ಜರಿ ಮಿನುಗಿ ಚಿತ್ರ ಹಾಳಾಗುತ್ತದೆ ಎಂದು ನನ್ನ ನವಿಲು ಸೀರೆಯ ಮೇಲೆ ಒಂದು ಹಳೆಯ ಜಮಖಾನ ಹೊದಿಸಿದರು. ಜಮಖಾನವೂ ನಮ್ಮದೇ! ಪಾರ್ವತಿ ತಂದುಕೊಟ್ಟಳು, ಒಂದು ಮಾತೂ ಆಡದೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳು ಅಷ್ಟು ಕಠಿಣವಾಗಿ ಎಂದೂ ಮಾತಾಡಿರಲಿಲ್ಲ.

ಸಂಜೆಯೊಳಗೆ ಲಾರಿಗಳು ಹೋದವು. ಟೇಪ್‌ರೆಕಾರ್ಡರೂ ಹೋಯಿತು. ಮನೆ ಸುಮ್ಮನಾಯಿತು. ಹಾಳಾಗಿಹೋಗಲಿ, ಮದುವೆಗೆ ಇನ್ನೂ ಆರು ದಿನವಿದೆ, ಸೆರಗೊಂದು ನೆಯ್ದರೆ ಮುಗಿಯಿತು ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಮಾರಣ್ಣ ಮಗ್ಗದಲ್ಲಿ ಕೈಕಟ್ಟಿ ಕೂತಿದ್ದಾನೆ.

"ಯಾಕೆ ಮಾರಣ್ಣ?"

"ಹಾಡಿಲ್ದೆ ಕಾಲು ಏಳ್ತಿಲ್ಲ ಮೊದಲಾಳಿ."

ಆರೂ ಜನಕ್ಕೆ ಅದೇ ರೋಗ. ಸ್ವಂತ ನಡೆ ಮರೆತುಹೋಗಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಆ ಕಳ್ಳರ ಹಾಡನ್ನು ನಾನೇ ಹಾಡಿದೆ. ಹೌದು, ನಾನೇ. ಮೂರು ದಿನ, ಗಂಟಲು ಕಟ್ಟುವವರೆಗೆ, ಬಿದಿರ ಕೋಲಿನಿಂದ ಕಂಬ ಬಡಿಯುತ್ತ. ಪೊಲೀಸರು ಅಟ್ಟಿಸಿಕೊಂಡು ಬರುವ ಭಾಗಕ್ಕೆ ನನಗೆ ಉಬ್ಬಸ ಬರುತ್ತಿತ್ತು. ಪಕ್ಕದ ಮನೆಯವರು ಪಾರ್ವತಿಯನ್ನು ಕರೆದು, "ಮಾಮನಿಗೆ ಏನಾದ್ರೂ ಗಾಳಿ ಸೋಕಿತಾ ಅಕ್ಕಾ?" ಎಂದು ವಿಚಾರಿಸಿದರಂತೆ. "ಮದ್ರಾಸಿನ ಗಾಳಿ," ಎಂದಳಂತೆ ಇವಳು.

ಮಗ್ಗದಿಂದ ಸೀರೆ ಕೊಯ್ದು ಇಳಿಸಿದ ದಿನ ಅಕ್ಕ ಸುಮತಿಯನ್ನು ಕರೆದುಕೊಂಡು ಧಾರಾಪುರಂನಿಂದ ಬಸ್ಸಿನಲ್ಲಿ ಬಂದಿಳಿದಳು. ನಡುಮನೆಯಲ್ಲಿ ಚಾಪೆ ಹಾಸಿದೆವು. ನಾನು ಧೋತರ ಕೊಡವಿ ಎದ್ದು ನಿಂತು, ಸೀರೆಯನ್ನು ಬಿಡಿಸುತ್ತ ವರ್ಣನೆ ಶುರುಮಾಡಿದೆ.

"ನೋಡು ಅಕ್ಕಾ, ಈ ನವಿಲು ನೋಡು. ಕತ್ತು ನೋಡು. ಕೊಯಮತ್ತೂರಲ್ಲಿ ಯಾವ ಅಂಗಡೀಲಿ..."

ಮೊದಲ ಎರಡು ಗಜ ಮಾರಣ್ಣನ ಕೈ. ನವಿಲುಗಳು ರಾಜಗಾಂಭೀರ್ಯದಿಂದ ಸಾಲಾಗಿ ಬಂದವು. ಅಕ್ಕನ ಕಣ್ಣು ತುಂಬಿತು. ಮೂರನೆಯ ಗಜ ಬಿಡಿಸಿದೆ.

ಅಲ್ಲಿ ಹಾಡು ಶುರುವಾಗಿತ್ತು.

ಒಂದು ನವಿಲು ಮುಗಿಯಲು ಹೆಚ್ಚುಕಡಿಮೆ ಒಂದು ಹಾಡಿನ ಹೊತ್ತು ಬೇಕು. ಕಳ್ಳರು ಆನೆಯ ನಡೆಯಲ್ಲಿ ಗೋಡೆ ದಾಟುವಾಗ ಮಾರಣ್ಣ ಕಾಲುಗಳನ್ನು ನೆಯ್ದಿದ್ದ. ಗಟ್ಟಿ ಏಟು, ಹೀಗಾಗಿ ಕಾಲುಗಳೇ ಇರಲಿಲ್ಲ, ಹೊಟ್ಟೆ ನೆಲಕ್ಕೆ ತಾಗಿತ್ತು. ಪೊಲೀಸರು ಓಡಿಸುವಾಗ ಕತ್ತು ನೆಯ್ದಿದ್ದ. ಕತ್ತು ಮೇಲಿನ ಸಾಲಿನ ನವಿಲಿನ ಹೊಟ್ಟೆಯನ್ನು ವಿಚಾರಿಸಿಕೊಳ್ಳುತ್ತಿತ್ತು. ಹಾಡು, ನವಿಲು ಎರಡೂ ಸರಿಸಮ ಇಲ್ಲದ್ದರಿಂದ ಮುಂದಿನ ಸಾಲುಗಳಲ್ಲಿ ಕಾಯಿಲೆ ಜಾಗ ಬದಲಾಯಿಸುತ್ತ ಹೋಗಿತ್ತು. ಒಂದು ಸಾಲು ಬಾತುಕೋಳಿ. ಒಂದು ಸಾಲು ಕೊಕ್ಕರೆ. ಒಂದು ಸಾಲಿನಲ್ಲಿ ಕಾಲೇ ಮೊಳದುದ್ದ, ತಲೆ ಕಡಲೆಬೀಜದಷ್ಟು. ನಾನೇ ಹಾಡಿದ ಸೆರಗಿನಲ್ಲಿದ್ದವು ಯಾವ ಪಕ್ಷಿಗಳೆಂದು ಇವತ್ತಿಗೂ ಹೇಳಲಾರೆ.

ಅಕ್ಕ ಬಗ್ಗಿ, ಪ್ರತಿ ಸಾಲಿನ ನಡುವೆ ಕೂದಲಿನಂತೆ ಕಾಣುತ್ತಿದ್ದ ಒಂದು ಗೆರೆಯ ಮೇಲೆ ಬೆರಳಿಟ್ಟಳು.

"ಇದೇನಿದು ಗೆರೆ?"

ಬಾಗಿಲಲ್ಲಿ ನಿಂತಿದ್ದ ಮಾರಣ್ಣ ವಿನಯದಿಂದ ಹೇಳಿದ, "ಅಲ್ಲಿ ತಿಜೋರಿ ತೆರೀತದೆ ಅಮ್ಮಾ."

ನಾಲ್ಕು ಎಣಿಸುವಷ್ಟು ಹೊತ್ತು ಮಗ್ಗ ನಿಂತಿತ್ತಲ್ಲ, ಅದರ ಗುರುತು! ಮೂವತ್ತು ನಲವತ್ತು ಕಡೆ ತಿಜೋರಿ ತೆರೆದಿತ್ತು.

ಅಕ್ಕ ಗೋಡೆಗೊರಗಿ ಕೂತಳು. ಬೈಯಲಿಲ್ಲ, ಅದೇ ಕಷ್ಟವಾದದ್ದು. "ಇಪ್ಪತ್ತೆರಡು ವರ್ಷ ಕೇಳಿದ್ದೀನಿ ತಂಬಿ. ಇನ್ನು ಇವಳು ಕೇಳ್ತಾಳೆ," ಎಂದಳು ಅಷ್ಟೆ.

ಮದುವೆಗೆ ಉಳಿದದ್ದು ಮೂರು ದಿನ. ಹೊಸದನ್ನು ನೇಯಲು ಆಗದು. ನನ್ನ ವ್ಯವಹಾರ ಬುದ್ಧಿ ಓಡಿತು. "ಒಂದು ಕೆಲಸ ಮಾಡೋಣ. ನಾಳೆ ಕೊಯಮತ್ತೂರಿಗೆ ಹೋಗಿ ಇದೇ ಬಣ್ಣದ್ದು ಒಂದು ತರ್ತೀನಿ. ನಮ್ಮ ಮಗ್ಗದ ಮೇಲೆ ಒಂದು ದಿನ ಹೊದಿಸಿಟ್ರೆ ವಾಸನೆ ಹತ್ತುತ್ತೆ. ಯಾರಿಗೂ ಗೊತ್ತಾಗಲ್ಲ."

ಅಕ್ಕನೂ ಪಾರ್ವತಿಯೂ ನನ್ನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

ಸುಮತಿ ಅಷ್ಟು ಹೊತ್ತೂ ಆ ಹಕ್ಕಿಗಳನ್ನೇ ನೋಡುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಅಳುತ್ತಿದ್ದಾಳೆ ಎಂದುಕೊಂಡಿದ್ದೆ. ನೋಡಿದರೆ ನಗು! "ಅಂಗಡಿದು ಬೇಡ ಮಾಮಾ. ಇದನ್ನೇ ಉಡ್ತೀನಿ. ಮಾರಣ್ಣ ತಾತಾ, ಗೋಡೆ ಹತ್ತೋದು ಯಾವುದು? ತೋರಿಸಿ."

ಅನ್ನೂರಿನ ಮದುವೆ ಮನೆಯಲ್ಲಿ ಸೀರೆ ಪರೀಕ್ಷೆಯ ಹೊತ್ತು ಬಂತು. ನಾನು ಅಡುಗೆಯವರ ಹಿಂದೆ, ಸಾಂಬಾರಿನ ಅಂಡೆಯ ಮರೆಯಲ್ಲಿ ಇದ್ದೆ. ಕರೆಸಿದರು. ಗಂಡಿನ ತಾಯಿ, ನಮ್ಮ ಬೀಗಿತ್ತಿ, ಕನ್ನಡಕ ಏರಿಸಿ ಸೀರೆಯಿಟ್ಟ ತಟ್ಟೆಯ ಮುಂದೆ ಕೂತಿದ್ದರು. ಸುತ್ತ ಹದಿನೈದು ಹೆಂಗಸರು. ಸೀರೆ ಬಿಡಿಸಿದರು. ನವಿಲು ಬಂತು. ಬಾತುಕೋಳಿ ಬಂತು. ಕೊಕ್ಕರೆ ಬಂತು. ಬೀಗಿತ್ತಿ ಅಂಚು ತಿರುವಿದರು. ಮೂಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಕ್ಕ ತಲೆ ತಗ್ಗಿಸಿ ಕಂಬಕ್ಕೊರಗಿ ನಿಂತಿದ್ದಳು.

"ಅಂಗಡಿಯವನು ಇಂಥದ್ದನ್ನ ಕಂಡ್ರೆ ಅಂಗಡಿ ಮುಚ್ಕೊಂಡು ಓಡಿಹೋಗ್ತಾನೆ," ಎಂದರು ಬೀಗಿತ್ತಿ. "ಇದು ಸೋದರಮಾವನ ತರೀದೇ. ಸಂದೇಹವೇ ಇಲ್ಲ. ಒಂದು ಮೈಲಿ ದೂರದಿಂದ ಗೊತ್ತಾಗುತ್ತೆ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ನೋಡಿದೆ. ಅಂಗಡಿ ಸೀರೆಯವಳ ಮಗಳು ಮಾವನ ಮಗ್ಗದ ಸೀರೆಯನ್ನೇ ಉಟ್ಟು ಹಸೆಯ ಮೇಲೆ ಕೂತಳು. ನನಗೂ ಒಂದು ಹೆಸರು ಸಿಕ್ಕಿತು. ಅವತ್ತಿನಿಂದ ಅನ್ನೂರಿನ ಕಡೆ ನಾನು 'ಕೊಕ್ಕರೆ ಮಾಮಾ.'

ಆರು ತಿಂಗಳ ಮೇಲೆ ಸಿನಿಮಾ ಬಂತು. ಮನೆಯವರನ್ನೆಲ್ಲ ಕೊಯಮತ್ತೂರಿಗೆ ಮ್ಯಾಟಿನಿಗೆ ಕರೆದುಕೊಂಡು ಹೋದೆ. ಸುಮತಿಯೂ ಹೊಸ ಗಂಡನ ಜೊತೆ ಬಂದಿದ್ದಳು, ಆ ಸೀರೆಯನ್ನೇ ಉಟ್ಟು. ತೆರೆಯ ಮೇಲೆ ಹೆಸರುಗಳು ಬರತೊಡಗಿದವು. ಸಂಗೀತ, ಹೊಡೆದಾಟ, ಉಡುಪು. ಊಟ ಒದಗಿಸಿದವನ ಹೆಸರು ಬಂತು. ಒಂದು ಆನೆಯ ಹೆಸರು ಬಂತು. ಸಿನಿಮಾದಲ್ಲಿ ಆನೆಯೇ ಇರಲಿಲ್ಲ! ನನ್ನ ಹೆಸರು ಬರಲಿಲ್ಲ.

ಕಳ್ಳರ ಹಾಡು ಬಂದಾಗ ನಮ್ಮ ಮಗ್ಗದ ಮನೆ ಕಾಣಿಸಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಐದು ಮಗ್ಗ, ಪಕ್ಕದಲ್ಲಿ ಒಂದು ಜಮಖಾನ.

"ಅದೋ, ನಮ್ ಜಮಖಾನ!" ಎಂದಳು ಪಾರ್ವತಿ, ಇಡೀ ಥಿಯೇಟರಿಗೆ ಕೇಳುವಂತೆ. ಆ ಸಿನಿಮಾದಲ್ಲಿ ನಮ್ಮ ಮನೆಯಿಂದ ಯಾರಾದರೂ ನಟಿಸಿದ್ದರೆ ಅದೊಂದೇ.

ಆ ಕತ್ತಲಲ್ಲಿ ಸುಮತಿ ಸೀರೆಯ ಮಡಿಲನ್ನು ಬೆರಳಿನಿಂದ ಸವರುತ್ತಿದ್ದಳು. ಕೊಕ್ಕರೆಯ ಕಾಲು, ಹೊಟ್ಟೆ, ಆಮೇಲೆ ಆ ಗೆರೆ. ಬೆರಳು ನಿಂತಿತು. ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮಾಮಾ, ಈಗ ತಿಜೋರಿ ತೆರೀತದೆ."

ತೆರೆಯಿತು. ನಾಲ್ಕು ಎಣಿಸುವಷ್ಟು ಹೊತ್ತು ಇಡೀ ಥಿಯೇಟರು ಉಸಿರು ಹಿಡಿದಿತ್ತು.

ಪೊಲೀಸರು ಬರುವ ಮುಂಚೆಯೇ ನಾನು ಎದ್ದು ಹೊರಗೆ ಬಂದೆ. ಬಾಗಿಲ ಹತ್ತಿರ ಕಡಲೆಕಾಯಿ ಮಾರುವ ಮುದುಕಿ ಬೆಲೆ ಹೇಳಿದಳು. ಕೊಟ್ಟೆ. ಚೌಕಾಸಿ ಮಾಡಲಿಲ್ಲ.